ಛತ್ತು ಬಡಿದು ನೋಡುವ ಕಾಕಾ

ನಮ್ಮ ಕಾಕಾನಿಗೆ ಹೆದರದ ಕಂತ್ರಾಟುದಾರ ಇಡೀ ಪುಣೆಯಲ್ಲಿ ಸಿಗಲಿಕ್ಕಿಲ್ಲ. ಕಾಕಾನ ಜೊತೆ ಇನ್ನೊಬ್ಬರ ಮನೆಗೆ ಹೋಗಲು ಹೆದರದವರು ನಮ್ಮ ಮನೆಯಲ್ಲೂ ಸಿಗಲಿಕ್ಕಿಲ್ಲ!

ಯಾರ ಮನೆ ರಿಪೇರಿ ನಡೆದರೂ ಸರಿ, ಕರೆಯಬೇಕೆಂದೇನಿಲ್ಲ, ಛತ್ರಿ ಹಿಡಿದು ಹಾಜರು. ಮಳೆಗಲ್ಲ, ತಲೆ ಮೇಲಿನ ಛತ್ತು ಬಡಿಯಲಿಕ್ಕೆ. ಠಣ್ ಅಂದರೆ ಮೆತ್ತಿದ ಸಿಮೆಂಟಿನ ಗಿಲಾವು ಗಟ್ಟಿ, ಡಬ್ ಅಂದರೆ ಒಳಗೆ ಪೊಳ್ಳು. ಯೆರವಡಾದಲ್ಲಿ ನಮ್ಮ ಕೆಳಗಿನ ಮನೆಯವರು ಬಚ್ಚಲು ರಿಪೇರಿಗೆ ಕೊಟ್ಟಾಗ ಅಲ್ಲೇ ಸ್ಟೂಲು ಹಾಕಿಕೊಂಡು ಕೂತ. ಸಿಮೆಂಟಿಗಿಂತ ಉಸುಕನ್ನೇ ಹೆಚ್ಚು ಕಲಸಿದ್ದ ಕಂತ್ರಾಟುದಾರನನ್ನು ಮರಾಠಿಯಲ್ಲಿ ಝಾಡಿಸಿ ಎಲ್ಲ ಹೊಸದಾಗಿ ಕಲಸಿಸಿದ. ಕೆಲಸ ಮುಗಿದ ಮೇಲೂ, ಸೋರುತ್ತದೇನೋ ನೋಡಬೇಕೆಂದು, ಏಳಲಿಲ್ಲ. ಆ ಮನೆಯವರು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನಮ್ಮ ಮನೆಗೆ ಬಂದರು. ನಾನು ಯಾವ ಮುಖ ಹೊತ್ತು ಬಾಗಿಲು ತೆಗೆಯಬೇಕು?

ಇಂಥವನನ್ನು ಅವ್ವ, ಕಾಕಿ, ನಾನು ಸೇರಿ ನನ್ನ ಮದುವೆ ಮಾತಿಗೆ ಹಿಂಜವಾಡಿಯ ಹುಡುಗನ ಮನೆಗೆ ಕರೆದೊಯ್ದೆವು. ಬಿಟ್ಟು ಹೋಗುವಂತಿಲ್ಲ, ಅಪ್ಪನಿಲ್ಲದ ನನಗೆ ಅವನೇ ಹಿರಿಯ. ಛತ್ರಿ ಮಾತ್ರ ಬೇಡ ಎಂದು ಅವ್ವ ಕೈಮುಗಿದಿದ್ದಳು. ಹೂಂ ಅಂದ, ತಂದ. ಹುಡುಗ ನನ್ನ ಮನಸ್ಸಿಗೆ ಬಂದುಬಿಟ್ಟಿದ್ದ. ಇನ್ನು ಮನೆ ನೋಡುವ ಶಾಸ್ತ್ರ ಅಂದರೆ ನಮ್ಮಲ್ಲಿ ಉಪ್ಪಿಟ್ಟು ತಿಂದು, ಅಡಿಗೆಮನೆಗೊಂದು ಇಣುಕು ಹಾಕಿ, ಛಲೋ ಅದ ಎಂದು ಹೇಳಿ ಬರುವುದು, ಅಷ್ಟೇ ತಾನೆ?

ಉಪ್ಪಿಟ್ಟು ಬಂದದ್ದೇ ಕಾಕಾ ಕುರ್ಚಿ ಹತ್ತಿ ಛತ್ತಿಗೆ ಬಡಿದ. ಡಬ್! ಹೊಸ ಸುಣ್ಣ ಎಲ್ಲರ ತಾಟಿಗೂ ಉದುರಿತು.

ಹುಡುಗನ ತಾಯಿಯ ಮುಖ ಕೆಂಪಾಯಿತು. ಸೋರುತ್ತಿದ್ದ ಛತ್ತನ್ನು ಮೊನ್ನೆಯೇ ರಿಪೇರಿ ಮಾಡಿಸಿದ್ದು, ಮಾಡಿದವನು ಬೆಳಗಾವಿ ಕಡೆಯ ನಮ್ಮವನೇ ಎಂದರು. ಆಮೇಲೆ ನನ್ನನ್ನು ನೋಡಿ, "ನಾವೂ ಹುಡುಗೀನ ಹಿಂಗ ಬಡದು ನೋಡಬೇಕೇನ್ರಿ?" ಅಂದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗ ತಲೆಯೆತ್ತದೆ ತಾಟಿನೊಳಗಿನ ಸುಣ್ಣ ಆರಿಸುತ್ತಿದ್ದ. ಮದುವೆ ಮುರಿಯಿತು ಎಂದೇ ತಿಳಿದೆ.

ಕಾಕಾ ಇಳಿದು ಕೂತ. ದನಿ ತಗ್ಗಿತ್ತು. "ಹಿಂದ ನಮ್ಮನಿ ಛತ್ತು ಮಾಡಿದವನ್ನ ನಾನೂ ನಮ್ಮವ ಅಂತನ ನಂಬಿದ್ದೆರಿ. ಪರಊರಾಗ ಕನ್ನಡ ಮಾತಾಡಿದ ಅಂತ ಕೂಡ್ರಿಸಿ ಊಟಕ್ಕ ಹಾಕಿದೆ. ಅವನ ಕೆಲಸ ತಪಾಸ ಮಾಡಿದ್ರ ಅವಮಾನ ಆಗತದ ಅಂತ ಮ್ಯಾಲೆ ನೋಡಲೇ ಇಲ್ಲ. ಛತ್ತು ಇಕಿ ಮ್ಯಾಲೆ ಬಿತ್ತು."

ಇಕಿ ಅಂದರೆ ಪಕ್ಕದಲ್ಲಿ ಕೂತಿದ್ದ ಕಾಕಿ. ತೊಂಬತ್ತರ ದಶಕದ ಆ ಮಧ್ಯಾಹ್ನದಿಂದ ಅವಳ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಈಗ ಅವಳ ತುರುಬಿನ ಮೇಲೂ ಸುಣ್ಣ ಬಿದ್ದಿತ್ತು. ಕಾಕಾ ಎಲ್ಲರೆದುರೇ ಅದನ್ನು ಒರೆಸಿ, ತುರುಬು ಬಿಚ್ಚಿ, ದಿನಾ ಬೆಳಿಗ್ಗೆ ಮನೆಯಲ್ಲಿ ಕಟ್ಟುವ ಹಾಗೆ ಕಟ್ಟತೊಡಗಿದ. ಬಾಚಣಿಗೆಯಿಲ್ಲದೆ ಗಂಟು ನಿಲ್ಲಲಿಲ್ಲ. ಕಾಕಿ ತಲೆ ತಗ್ಗಿಸಿದಳು. ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಹುಡುಗನ ತಾಯಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಾಚಣಿಗೆ ಇತ್ತು.

"ತಗೋರಿ," ಅಂದರು. "ತುರುಬು ಆದ ಮ್ಯಾಲೆ ಒಳಗ ಬರ್ರಿ. ನಿಮ್ಮ ಹುಡುಗಿ ಮಲಗೋ ಖೋಲಿನೂ ಬಡದು ನೋಡ್ರಿ."