ತಾಮ್ರದ ವಾಷರ್ ಮಹಾಶಯರಿಗೆ, ಓಬಯ್ಯನ ಕೆಲಸ ಹೋದ ವಿಚಾರವಾಗಿ

ಬಹುಕಾಲ ನಮ್ಮ ಲಾರಿಯ ಡೀಸೆಲ್ ಪೈಪಿನ ಜಾಯಿಂಟಿನಲ್ಲಿ ವಾಸವಿದ್ದು ಸದ್ಯ ನನ್ನ ಬೆಂಕಿಪೆಟ್ಟಿಗೆಯೊಳಗೆ ವಿಶ್ರಾಂತಿ ಪಡೆಯುತ್ತಿರುವ ಹಳೇ ವಾಷರ್ ಅವರ ಸನ್ನಿಧಿಗೆ, ಬೆಳುಗುಪ್ಪದ ಲಾರಿ ಮಾಲೀಕ ನರಸಪ್ಪನವರ ಮಗಳು, ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟ ಸುಶ್ಮಿತಾ ಮಾಡುವ ನಮಸ್ಕಾರಗಳು.

ಮಾನ್ಯರೇ, ದೂರಿಗೆ ಮೊದಲು ಇಷ್ಟು ದಿನ ಮುಚ್ಚಿಟ್ಟ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ದಸರೆಗೆ ಮುಂಚೆ ಡೀಸೆಲ್ ಫಿಲ್ಟರ್ ಬದಲಿಸಿದವಳು ನಾನು. ತಮ್ಮ ಜಾಗಕ್ಕೆಂದು ತಂದಿದ್ದ ಹೊಸ ವಾಷರ್ ಕೈಜಾರಿ ಮರಳಿಗೆ ಬಿದ್ದು ಸಿಗಲೇ ಇಲ್ಲ. "ಶಾಲಿ ಮುಗಿಸಲಾರದಾಕಿ ಗಾಡಿ ಬಿಚ್ಚತಾಳಂತ" ಎಂದು ಅಪ್ಪ ಆಗಷ್ಟೇ ನಾಲ್ಕು ಜನರೆದುರು ನಕ್ಕಿದ್ದರಿಂದ, ಸವೆದು ಚಪ್ಪಟೆಯಾಗಿದ್ದ ತಮ್ಮನ್ನೇ ಸದ್ದಿಲ್ಲದೆ ಮತ್ತೆ ಕೂರಿಸಿದೆ. ಹನ್ನೊಂದು ವರ್ಷದಿಂದ ನಮ್ಮ ಲಾರಿ ಓಡಿಸುತ್ತಿದ್ದ, ನನಗೆ ಪಾನಾ ಹಿಡಿದು ನಟ್ಟು ಬಿಚ್ಚುವುದನ್ನು ಕಲಿಸಿದ ಓಬಯ್ಯ ಮಾವ "ವಾಷರ್ ಹೊಸದು ಹಾಕಿದೇನವ್ವಾ?" ಎಂದು ಕೇಳಿದಾಗ "ಹೂಂ ಮಾವ" ಎಂದೆ. ಅವರು ನಂಬಿದರು; ಬಗ್ಗಿ ನೋಡಲಿಲ್ಲ.

ಅಂದಿನಿಂದ ತಾವು ತೋರಿದ ಪ್ರತಾಪವನ್ನು ಹೊಗಳದೆ ಇರಲಾಗದು. ಬೆಳಿಗ್ಗೆ ಚಾಲೂ ಆದ ಇಂಜಿನ್ ಅರೆನಿಮಿಷ ನೆಟ್ಟಗಿದ್ದು, ಆಮೇಲೆ ಮುಗ್ಗರಿಸಿ, ಕೆಮ್ಮಿ, ಸಂತೆಗೆಂದು ಮೇಲೆ ಹೇರಿದ್ದ ಕುರಿಗಳನ್ನೆಲ್ಲ ನಡುಗಿಸಿ ನಿಂತುಬಿಡುತ್ತಿತ್ತು. ಬಿಸಿಯಾದ ಮೇಲೆ ಏನೂ ಅರಿಯದಂತೆ ಓಡುತ್ತಿತ್ತು. ರಾಯದುರ್ಗದವರೆಗೆ ಓಡಿ ಬಿಸಿಯಾಗಿ ಬಂದ ಇಂಜಿನ್ನಿಗೆ ಮೆಕ್ಯಾನಿಕ್ ಹನುಮಂತು ಸ್ಕ್ಯಾನರ್ ಜೋಡಿಸಿ, "ಏನೂ ಇಲ್ರಿ, ಕಂಪ್ಯೂಟರೇ ಹೇಳಾಕತ್ತೈತಿ" ಎಂದು ಆರೋಗ್ಯದ ಸರ್ಟಿಫಿಕೇಟು ಕೊಟ್ಟ. "ಗಾಡಿಗೆ ಚಳಿ ಹತ್ತೈತಿ" ಎಂದು ಅಜ್ಜಿ ದುರುಗಕ್ಕ ರಾತ್ರಿಯೆಲ್ಲ ಅದಕ್ಕೆ ತನ್ನ ಕಂಬಳಿ ಹೊದಿಸಿದಳು; ಮರುದಿನ ಅದು ಬೆಚ್ಚಗೆ ಮುಗ್ಗರಿಸಿತು.

ಕೊನೆಗೆ ಅಪ್ಪ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, "ಒಳ್ಳೇ ಡೀಸೆಲ್ ಮಾರ್ಕೊಂಡು ಕಲಬೆರಕಿ ಸುರದೀಯಲ್ಲೋ" ಎಂದರು. ಓಬಯ್ಯ ಮಾವ ಲಾರಿಯ ಕೀಲಿಯನ್ನು ಬೆಂಚಿನ ಮೇಲಿಟ್ಟು, ಅರ್ಧ ಚಹಾ ಬಿಟ್ಟು, ತಮ್ಮೂರು ಹೇಮಾವತಿಗೆ ಹೋದರು. ಕಳ್ಳನೆಂಬ ಹೆಸರು ಅವರಿಗಿಂತ ಮೊದಲೇ ಊರು ಮುಟ್ಟಿ, ಈಗ ಅಲ್ಲಿ ಅವರ ಕೈಗೆ ಯಾರೂ ಗಾಡಿ ಕೊಡುತ್ತಿಲ್ಲ. ನಾನು ಅಂದು ಅಲ್ಲೇ ಇದ್ದೆ, ಬಿಸ್ಕೆಟ್ ತಿನ್ನುತ್ತಿದ್ದೆ.

ತಮ್ಮ ಗುಟ್ಟು ರಟ್ಟಾದದ್ದು ಶೇಂಗಾ ಬಿಡಿಸುವ ಮಷಿನ್ನಿನಿಂದ. ರಾತ್ರಿ ನಿಲ್ಲಿಸಿದ ಗಾಡಿಯ ಮುಖ ಸದಾ ಮೂಡಲಿಗೇ ಇರಬೇಕೆಂಬುದು ಅಪ್ಪನ ನೇಮ. ನಮ್ಮ ಹಿತ್ತಲಲ್ಲಿ ಮೂಡಲೆಂದರೆ ಏರು. ಕಳೆದ ವಾರ ಆ ಜಾಗದಲ್ಲಿ ಮಷಿನ್ ನಿಂತಿದ್ದರಿಂದ ಲಾರಿ ಪಡುವಲಿಗೆ, ಇಳಿಜಾರಿಗೆ ಮುಖ ಮಾಡಿ ನಿಂತಿತು. ಈ ವರ್ಷದ ಅತಿ ಚಳಿಯ ಬೆಳಿಗ್ಗೆ ಅದೇ ಆಗಿದ್ದರೂ ಇಂಜಿನ್ ಒಂದೇ ಏಟಿಗೆ ಚಾಲೂ ಆಗಿ ಒಮ್ಮೆಯೂ ಎಡವಲಿಲ್ಲ. ಆಗ ಹೊಳೆಯಿತು: ಇದು ಚಳಿಯಲ್ಲ. ಏರಿಗೆ ನಿಂತ ರಾತ್ರಿಗಳಲ್ಲಿ ಇಂಜಿನ್ ಮೇಲಾಗಿ, ಟ್ಯಾಂಕ್ ಕೆಳಗಾಗಿ, ತಮ್ಮ ಸಂದಿನಿಂದ ಗಾಳಿ ಒಳಗೆ ಹೋಗಿ, ಪೈಪಿನ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತಿತ್ತು. ತಮ್ಮನ್ನು ತೆಗೆದು ಹೊಸದು ಹಾಕಿದೆ. ಈಗ ಏರಿಗೆ ನಿಲ್ಲಿಸಿದರೂ ಮುಗ್ಗರಿಸುವುದಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ, ನಿಜ ಹೇಳಿದ್ದಕ್ಕೆ ಬೈದರು: "ಗಾಡಿ ಸರಿ ಆತಲ್ಲ, ಸುಮ್ಮನಿರಾಕ ಏನು ರೋಗ? ಈಗ ನಾ ಅವನ ಮುಂದ ಹೆಂಗ ನಿಲ್ಲಲಿ?"

ಆದ್ದರಿಂದ ಮಾನ್ಯರಲ್ಲಿ ವಿನಂತಿ: ತಾವೇ ದಯಮಾಡಿಸಿ ಅದೇ ಚಹಾದಂಗಡಿಯ ಅದೇ ಬೆಂಚಿನ ಮೇಲೆ ನಿಂತು ಸಾಕ್ಷಿ ನುಡಿಯಬೇಕು. ಕನ್ನಡ ಬಾರದಿದ್ದರೆ ತೆಲುಗಾದರೂ ಆದೀತು, ಅಲ್ಲಿನವರಿಗೆ ಎರಡೂ ಬರುತ್ತವೆ. ಲಾರಿ ಪಡುವಲಿಗೆ ತಿರುಗಿ ನಿಂತರೆ ಸೂರ್ಯ ಮುನಿಯುವುದಿಲ್ಲವೆಂದು ಅಪ್ಪನಿಗೂ ತಿಳಿಸಿ ಹೇಳಬೇಕು.

ತಮ್ಮ ಮೇಲೆ ವಿಶ್ವಾಸವಿಟ್ಟು ಕೆಟ್ಟ, ಆದರೂ ತಮ್ಮ ವಿಶ್ವಾಸಿ,
ಸುಶ್ಮಿತಾ

ಮರೆತ ಮಾತು: ತಮಗೆ ಬಾಯಿಲ್ಲವೆಂಬುದು ಈಗ ನೆನಪಾಯಿತು. ನನಗೆ ಬಾಯಿದ್ದೂ ಅಂದು ಸುಮ್ಮನಿದ್ದೆನಾದ್ದರಿಂದ ತಮ್ಮನ್ನು ದೂರಲಾರೆ. ಓಬಯ್ಯ ಮಾವನ ಹತ್ತಿರ ಅಪ್ಪ ಬರುವುದಿಲ್ಲವಂತೆ. ಬೆಂಕಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದ್ದೇನೆ. ನಾಳೆ ಮೊದಲ ಬಸ್ಸಿಗೆ ಮಡಕಶಿರಾಕ್ಕೆ ಹೋಗಿ, ಅಲ್ಲಿಂದ ಹೇಮಾವತಿಗೆ ಹೋಗುತ್ತೇನೆ.