ಕೋಳಿ, ಕೋಲ್ಡ್ ಸ್ಟೋರೇಜ್ ಮತ್ತು ಪಾರ್ಟ್ನರ್‌ನ ಅಮ್ಮ

ಮಾಂಸವನ್ನು ಮೈನಸ್ ಹದಿನೆಂಟು ಡಿಗ್ರಿಯಲ್ಲಿಟ್ಟರೆ ಅದು ತನ್ನ ಪಾಡಿಗೆ ಸುಮ್ಮನಿರುತ್ತದೆ. ಅದರ ಸುತ್ತ ಓಡಾಡುವ ಮನುಷ್ಯರನ್ನು ಸುಮ್ಮನಿರಿಸುವ ಡಿಗ್ರಿ ಯಾವುದು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಹಾಗಾಗಿ ನಮ್ಮ ವ್ಯಾಪಾರದಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ನಾನೂ ನನ್ನ ಪಾರ್ಟ್ನರೂ ಮೈಸೂರಿನವರು. ಅಮೆರಿಕದ ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ಒಂದೇ ಆಫೀಸಿನಲ್ಲಿ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಯಾರದೋ ಗೋದಾಮಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಕೋವಿಡ್ ಬಂದ ವರ್ಷ ಕಾಂಟ್ರಾಕ್ಟ್ ಹೋಯಿತು. ಇಬ್ಬರಿಗೂ ಗ್ರೀನ್ ಕಾರ್ಡ್ ಇದ್ದಿದ್ದರಿಂದ ದೇಶ ಬಿಡುವ ಭಯ ಇರಲಿಲ್ಲ, ಇದ್ದಿದ್ದು ಮನೆಯಲ್ಲಿ ಸುಮ್ಮನೆ ಕೂರುವ ಭಯ. ಜಾರ್ಜಿಯಾ ಅಂದರೆ ಕೋಳಿಗಳ ರಾಜ್ಯ, ಸವಾನಾ ಬಂದರೂ ಅಲ್ಲೇ ಇದೆ. ಕೋಳಿಮಾಂಸವನ್ನು ಹೆಪ್ಪುಗಟ್ಟಿಸಿ ಕೆರಿಬಿಯನ್ ದ್ವೀಪಗಳಿಗೆ ಕಳಿಸೋಣ ಅಂತ ತೀರ್ಮಾನಿಸಿ ಸಂಸಾರ ಸಮೇತ ಅಲ್ಲಿನ ಸುವಾನಿ ಅನ್ನುವ ಊರಿಗೆ ಬಂದೆವು. ನನ್ನದು ತಲೆತಲಾಂತರದಿಂದ ಮಾಂಸದ ವ್ಯಾಪಾರದ ಮನೆ. ಪಾರ್ಟ್ನರ್ ಈರುಳ್ಳಿಯನ್ನೂ ತಿಥಿ ನೋಡಿ ತಿನ್ನುವ ಮನೆಯವನು. ಕೇಳಿದರೆ, "ನಾನು ತಿನ್ನಲ್ಲ ಕಣೋ, ಟ್ರ್ಯಾಕ್ ಮಾಡ್ತೀನಿ" ಅನ್ನುತ್ತಿದ್ದ.

ಅಬ್ಬಾ ಕೊಟ್ಟ ಆಶೀರ್ವಾದ

ನಮ್ಮ ಅಬ್ಬಾಗೆ ಮೈಸೂರಿನ ಮಾರ್ಕೆಟ್ಟಿನಲ್ಲಿ ಮಟನ್ ಅಂಗಡಿ. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಆದರೆ ವ್ಯಾಪಾರದ ಮಾತು ಬಂದರೆ ಅಬ್ಬಾ ತಾನಾಗಿ ಕನ್ನಡಕ್ಕೆ ಇಳಿಯುತ್ತಾರೆ. ಹೊಸ ವ್ಯಾಪಾರದ ವಿಷಯ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಮಗ ಕುಲಕಸುಬಿಗೆ ವಾಪಸ್ ಬಂದ ಅಂತ ಅವರ ಮುಖ ಅರಳಿತು.

"ಎಷ್ಟೊತ್ತಿಗೆ ಕಡೀತೀಯ?" ಅಂದರು.

"ನಾವು ಕಡಿಯಲ್ಲ ಅಬ್ಬಾ. ಪ್ಯಾಕ್ ಆಗಿ ಬರುತ್ತೆ, ನಾವು ಫ್ರೀಜ್ ಮಾಡಿ ಇಟ್ಟು, ಹಡಗಿಗೆ ಹಾಕ್ತೀವಿ."

"ಎಷ್ಟು ದಿನ ಇಡ್ತೀಯ?"

"ವರ್ಷ ಇಟ್ರೂ ಏನೂ ಆಗಲ್ಲ."

ಅಬ್ಬಾ ಬಹಳ ಗಂಭೀರವಾಗಿ ಹೇಳಿದರು: "ಬೆಳಿಗ್ಗೆ ಕಡಿದಿದ್ದು ಮಧ್ಯಾಹ್ನದೊಳಗೆ ಮುಗೀಬೇಕು. ಅದಕ್ಕೆ ವ್ಯಾಪಾರ ಅಂತಾರೆ. ವರ್ಷಗಟ್ಟಲೆ ಜೋಪಾನ ಮಾಡಿ ಇಡೋದಕ್ಕೆ ಮ್ಯೂಸಿಯಂ ಅಂತಾರೆ ಬೇಟಾ."

ಬೋರ್ಡು

ನಾವು ಬಾಡಿಗೆಗೆ ಹಿಡಿದ ಗೋದಾಮಿನ ಮೇಲೆ ಹಿಂದಿನವರು ಬಿಟ್ಟುಹೋದ ದೊಡ್ಡ ಬೋರ್ಡಿತ್ತು. ಮಳೆಗೆ ಉಳಿದೆಲ್ಲ ಅಕ್ಷರ ಉದುರಿ 'ಕಲೋನಿಯಲ್' ಅನ್ನುವುದೊಂದು ಮಾತ್ರ ಉಳಿದಿತ್ತು. ಈ ದೇಶದಲ್ಲಿ ವಸಾಹತು ಕಾಲದ ಆ ಪದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಗೂ ಇಡುತ್ತಾರೆ, ರಸ್ತೆಗೂ ಇಡುತ್ತಾರೆ. ಪಾರ್ಟ್ನರ್, "ಇರೋ ಬೋರ್ಡು ಯಾಕೆ ಕೀಳ್ಬೇಕು? ಇದನ್ನೇ ಹೆಸರು ಮಾಡ್ಕೊಳ್ಳೋಣ" ಅಂದ.

ನನಗೆ ಮನಸ್ಸಾಗಲಿಲ್ಲ. ನಾವಿಬ್ಬರು ಮೈಸೂರಿನವರು, ಮಾಲು ಹೋಗುವುದು ಒಂದು ಕಾಲದಲ್ಲಿ ಇಂಗ್ಲಿಷರು ಆಳಿದ ದ್ವೀಪಕ್ಕೆ. ಅಂಥ ಹೆಸರು ಕಂಡರೆ ಅಲ್ಲಿನವರಿಗೆ ಏನನ್ನಿಸಬಹುದು? ಇದೇ ಸಂಕೋಚದಲ್ಲಿ ದ್ವೀಪದ ನಮ್ಮ ಗಿರಾಕಿಗೆ ಫೋನ್ ಮಾಡಿದೆ. ಅವರು ವಯಸ್ಸಾದ ಕಪ್ಪು ಮನುಷ್ಯ, ನಿಧಾನವಾಗಿ ಮಾತಾಡುವವರು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ಮಗನೇ, ಹೆಸರು ಏನಾದರೂ ಇಟ್ಟುಕೊ. ಹಿಂದಿನ ಕಲೋನಿಯಲ್‌ನವರು ಇಲ್ಲಿಂದ ಎಲ್ಲ ಹೊತ್ತುಕೊಂಡು ಹೋದರು. ನೀವಾದರೂ ಏನಾದರೂ ಕಳಿಸುತ್ತೀರಲ್ಲ."

ಹಾಲು ಉಕ್ಕಿಸಿದ್ದು

ಪಾರ್ಟ್ನರ್‌ನ ಅಮ್ಮ ಮೊಮ್ಮಗಳನ್ನು ನೋಡಲು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದುಕೊಂಡಿದ್ದರು. ನಾನೂ ಅವರನ್ನು ಅಮ್ಮ ಅಂತಲೇ ಕರೆಯುತ್ತೇನೆ. ಗೋದಾಮಿನೊಳಗೆ ಏನಿಡುತ್ತೇವೆ ಅಂತ ಅವರು ಕೇಳಿದಾಗ ಪಾರ್ಟ್ನರ್ ನೆಲ ನೋಡುತ್ತಾ, "ಎಕ್ಸ್‌ಪೋರ್ಟ್ ಐಟಂ ಅಮ್ಮ" ಅಂದಿದ್ದ.

"ಕೋಳಿ ಅಂತ ನನಗೂ ಗೊತ್ತು ಕಣೋ. ಹೇಳೋಕೆ ನಾಚಿಕೆ ಆಗೋ ಹಾಗಿದ್ರೆ ಮಾರೋಕೆ ಹೋಗಬೇಡ. ಮಾರೋದಾದ್ರೆ ತಲೆ ಎತ್ತಿ ಮಾರು" ಅಂದರು. ಆಮೇಲೆ, "ಮಾಲು ಬರೋಕೆ ಮುಂಚೆ ಹಾಲುಕ್ಕಿಸಬೇಕು. ಒಳಗೇ ಉಕ್ಕಿಸಬೇಕು" ಅಂತ ಸೇರಿಸಿದರು.

ಒಳಗೆ ಅಂದರೆ ಫ್ರೀಜರ್ ಒಳಗೆ. ಮೆಷಿನ್ ಟೆಸ್ಟ್ ಮಾಡಲು ಆಗಲೇ ಅದನ್ನು ಪೂರ್ತಿ ತಣ್ಣಗೆ ಮಾಡಿಟ್ಟಿದ್ದೆವು. ಆಫೀಸಿನಲ್ಲಿ ಉಕ್ಕಿಸೋಣ ಅಂದರೆ ಅಮ್ಮ ಒಪ್ಪಲಿಲ್ಲ. "ಲಕ್ಷ್ಮಿ ಇರೋದು ಮಾಲಿರೋ ಕಡೆ. ಆಫೀಸಲ್ಲಿರೋದು ಕಂಪ್ಯೂಟರು."

ನಮ್ಮ ಮಸೀದಿಯ ಮೌಲ್ವಿಗಳನ್ನೂ ದುವಾಗೆ ಕರೆದಿದ್ದೆ. ಎಲ್ಲರೂ ಮಾಸ್ಕ್ ಹಾಕಿ, ದಪ್ಪ ಜಾಕೆಟ್ ತೊಟ್ಟು ಒಳಗೆ ಹೋದೆವು. ಅಮ್ಮ ಸೀರೆಯ ಮೇಲೆ ಮಗನ ಸ್ಕೀ ಜಾಕೆಟ್ ಹಾಕಿಕೊಂಡು, ಕರೆಂಟ್ ಒಲೆಯ ಮೇಲೆ ಪಾತ್ರೆಯಿಟ್ಟು ನಿಂತರು. ಕೆಳಗೆ ಒಲೆ ಕಾಯಿಸುತ್ತಿತ್ತು, ಮೇಲೆ ಫ್ಯಾನು ಹಿಮದ ಗಾಳಿ ಊದುತ್ತಿತ್ತು. ಹಾಲಿಗೆ ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಅಮ್ಮ ಕಣ್ಮುಚ್ಚಿ ಶ್ಲೋಕ ಹೇಳುತ್ತಲೇ ಇದ್ದರು. ಕೊನೆಗೆ ಅಂಚಿನಲ್ಲಿ ಒಂದು ನೊರೆ ಎದ್ದು, ಹೊರಗೆ ಇಳಿದು, ಪಾತ್ರೆಯ ಹೊರಮೈಯಲ್ಲೇ ಗಟ್ಟಿಯಾಗಿ ನಿಂತಿತು.

"ಉಕ್ಕಿತು" ಅಂದರು ಅಮ್ಮ.

ಮೌಲ್ವಿಗಳು ದುವಾ ಶುರು ಮಾಡಿದರು. ಅವರ ದುವಾ ದೀರ್ಘ ಅಂತ ಇಡೀ ಊರಿಗೆ ಗೊತ್ತು. ಅವತ್ತು ನಾನು ಕೈ ಎತ್ತುವಷ್ಟರಲ್ಲಿ ಆಮೀನ್ ಬಂತು.

ಅವರೆಕಾಳು

ಸುವಾನಿಯ ಕನ್ನಡದವರಲ್ಲಿ ನಮ್ಮ ಕೋಲ್ಡ್ ಸ್ಟೋರೇಜ್ ಸುದ್ದಿ ಬೇಗ ಹಬ್ಬಿತು. ಯಾರೋ ಅವರೆಕಾಳನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳುವ ಗುಂಪು ಮಾಡಿಕೊಂಡಿದ್ದರು. ಅದರ ಮುಖಂಡರಾದ ಆಂಟಿಯೊಬ್ಬರು ಕಾರಿನ ತುಂಬಾ ಚೀಲ ಹೇರಿಕೊಂಡು ಬಂದರು. ನಮ್ಮಲ್ಲಿ ಚಿಕ್ಕದಾದ ಇನ್ನೊಂದು ರೂಮ್ ಖಾಲಿಯಿತ್ತು, ತೋರಿಸಿದೆ.

"ಪಕ್ಕದಲ್ಲಿ ಏನಿದೆ?" ಅಂದರು.

"ಚಿಕನ್. ಆದ್ರೆ ಮಧ್ಯೆ ಗೋಡೆ ಇದೆ ಆಂಟಿ."

"ಗೋಡೆ ಸರಿ. ಗಾಳಿ?"

"ಗಾಳಿನೂ ಬೇರೆ. ಮೆಷಿನ್ನೇ ಬೇರೆ."

ಆಂಟಿ ಗೋಡೆಯನ್ನು ತಟ್ಟಿ ನೋಡಿದರು. ಸಮಾಧಾನ ಆಗಲಿಲ್ಲ. ಪಾರ್ಟ್ನರ್‌ನ ಕಡೆ ತಿರುಗಿ, "ನೀವು ನಮ್ಮವರು. ನೀವು ಹೇಳಿ, ಇಡಬಹುದಾ?" ಅಂತ ಕೇಳಿದರು. ಅವನು ಪ್ರಾಮಾಣಿಕ ಮನುಷ್ಯ. ಇಡಬಹುದು ಅಂತ ಹೇಳಿ, ಅಷ್ಟಕ್ಕೆ ನಿಲ್ಲಿಸದೆ, "ನಾನೂ ದಿನಾ ಅದರ ಮಧ್ಯೆನೇ ಇರ್ತೀನಲ್ಲ ಆಂಟಿ, ನನಗೇನಾಗಿದೆ?" ಅಂದ.

ಆಂಟಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಚೀಲಗಳನ್ನು ವಾಪಸ್ ಕಾರಿಗೆ ಹಾಕಿಸಿಕೊಂಡರು.

ಒಳಗೆ ಅಳಬಾರದು

ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ಅಬ್ಬಾ ಆಸ್ಪತ್ರೆ ಸೇರಿದರು. ನಾನು ಹೋಗುವ ಹಾಗಿರಲಿಲ್ಲ. ಹೋಗಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಇಲ್ಲಿ ಕೆಲಸದವರ ಎದುರು ಕಣ್ಣೊರೆಸಿಕೊಳ್ಳಲು ನಾಚಿಕೆ. ಹಾಗಾಗಿ ಸ್ಟಾಕ್ ನೋಡುವ ನೆಪದಲ್ಲಿ ಫ್ರೀಜರ್ ಒಳಗೆ ಹೋಗಿ ಅತ್ತು ಬರುತ್ತಿದ್ದೆ. ಅಲ್ಲಿ ಫ್ಯಾನಿನ ಸದ್ದಿಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಕಣ್ಣೀರು ರೆಪ್ಪೆಯಲ್ಲೇ ಮರಳಿನ ಹಾಗೆ ಗಟ್ಟಿಯಾಗುತ್ತಿತ್ತು.

ಒಂದು ದಿನ ಪಾರ್ಟ್ನರ್ ಹಿಂದೆಯೇ ಬಂದ. ಹತ್ತಿರ ನಿಂತು, ನನ್ನ ಜಾಕೆಟ್ಟಿನ ಜಿಪ್ ಅನ್ನು ಕುತ್ತಿಗೆಯವರೆಗೆ ಎಳೆದ. ಅವನಿಗೆ ಸಮಾಧಾನದ ಮಾತು ಬರುವುದಿಲ್ಲ.

"ನೀನು ಆಫೀಸಲ್ಲೇ ಅಳು ಮಾರಾಯ" ಅಂದ. "ಸುಮ್ಸುಮ್ನೆ ಬಾಗಿಲು ತೆಗೆದು ಹಾಕಿ ಮಾಡಿದ್ರೆ ಟೆಂಪರೇಚರ್ ಏರುತ್ತೆ. ನಾನೂ ಪಕ್ಕದಲ್ಲಿ ಕೂತಿರ್ತೀನಿ."

ಹಾಗೇ ಕೂತ. ಅವನ ಅಮ್ಮ ಡಬ್ಬಿಯಲ್ಲಿ ಮೊಸರನ್ನ ಕಳಿಸುತ್ತಿದ್ದರು, ನಾನು ತಿನ್ನುವವರೆಗೆ ಅವನು ಎದುರಿನಿಂದ ಏಳುತ್ತಿರಲಿಲ್ಲ.

ಅಬ್ಬಾ ಬದುಕಿದರು. ಆಕ್ಸಿಜನ್ ತೆಗೆದ ಮೇಲೆ, ಮೈಸೂರಿನಲ್ಲಿರುವ ನನ್ನ ತಮ್ಮ ಫೋನ್ ಹಿಡಿದು ಅವರ ಮುಖ ತೋರಿಸಿದ. ಅಬ್ಬಾ ಕ್ಷೀಣವಾಗಿ ಕೇಳಿದರು: "ಆ ಮಾಲು ಹೋಯ್ತಾ?"

"ಇನ್ನೂ ಇಲ್ಲ ಅಬ್ಬಾ."

"ನಾನೇ ಹೋಗಿ ವಾಪಸ್ ಬಂದೆ. ಅದಿನ್ನೂ ಅಲ್ಲೇ ಇದೆಯಾ?"

ಮೊದಲ ಕಂಟೇನರ್

ಆ ಬೇಸಿಗೆಯಲ್ಲಿ ಕೊನೆಗೂ ಮಾಲು ಹೊರಟಿತು. ಕಂಟೇನರ್ ತುಂಬಿ, ಬಾಗಿಲಿಗೆ ಸೀಲ್ ಹಾಕಿ ಸವಾನಾ ಬಂದರಿಗೆ ಕಳಿಸಿದೆವು. ಮನೆ ಅಡವಿಟ್ಟು ಹಣ ಹಾಕಿದ್ದೆವು, ಹಾಗಾಗಿ ನಮ್ಮಿಬ್ಬರ ಮನೆಯೂ ಅದರೊಳಗಿದ್ದ ಹಾಗೆಯೇ. ಟ್ರಕ್ಕಿನ ಹಿಂದೆ ಕಾರಿನಲ್ಲಿ ನಾವೂ ಹೊರಟೆವು. ಸಮುದ್ರ ನೋಡಬೇಕು ಅಂತ ಅಮ್ಮನೂ ಬಂದರು.

ದಾರಿಯಲ್ಲಿ ಮೇಕನ್ ಅನ್ನುವ ಊರು ದಾಟಿದ ಮೇಲೆ ಟ್ರಕ್ ಒಂದು ಗ್ಯಾಸ್ ಸ್ಟೇಷನ್ನಿಗೆ ತಿರುಗಿ ನಿಂತಿತು. ಡ್ರೈವರ್ ಇಳಿದು ಬಂದು, ಕಂಟೇನರಿನ ಕೂಲಿಂಗ್ ಯೂನಿಟ್ ಕೆಟ್ಟಿದೆ ಅಂದ. ಬಿಸಿಲು ಎಂಥದ್ದೆಂದರೆ ಟಾರಿಗೆ ಚಪ್ಪಲಿ ಅಂಟುತ್ತಿತ್ತು. ಮೆಕ್ಯಾನಿಕ್ ಸವಾನಾದಿಂದಲೇ ಬರಬೇಕು. "ಬಾಗಿಲು ಮುಚ್ಚೇ ಇದ್ದರೆ ಸಂಜೆವರೆಗೂ ತಡೆಯುತ್ತೆ. ಯಾರೂ ತೆಗೀಬೇಡಿ" ಅಂದ.

ಪಾರ್ಟ್ನರ್‌ಗೆ ತಡೆಯಲಾಗಲಿಲ್ಲ. "ಒಂದೇ ಒಂದ್ಸಲ ತೆಗೆದು ನೋಡೋಣ ಕಣೋ. ಒಳಗೆ ಹೇಗಿದೆ ಅಂತ ಗೊತ್ತಾಗಲಿ" ಅಂತ ಸೀಲ್ ಕತ್ತರಿಸಲು ಇಕ್ಕಳ ಹುಡುಕತೊಡಗಿದ. ನಾನು ತಡೆದರೆ ಕೇಳುತ್ತಿಲ್ಲ.

ಅಮ್ಮ ಕಾರಿನ ಡಿಕ್ಕಿಯಿಂದ, ಮೊಮ್ಮಗಳ ಸಾಕರ್ ಮ್ಯಾಚಿಗೆ ಒಯ್ಯುವ ಮಡಚೋ ಕುರ್ಚಿಯನ್ನು ತೆಗೆದರು. ಕಂಟೇನರಿನ ಬಾಗಿಲ ಎದುರು ಹಾಕಿಕೊಂಡು, ಕೊಡೆ ಬಿಚ್ಚಿ ಕೂತರು.

"ಅಕ್ಕಿ ಹಾಕಿ ಗಳಿಗೆಗೊಂದ್ಸಲ ಮುಚ್ಚಳ ತೆಗೆಯೋರ ಮನೇಲಿ ಅನ್ನ ಆಗಲ್ಲ" ಅಂದರು. "ನೀನು ಹೋಗಿ ನೆರಳಲ್ಲಿ ಕೂತ್ಕೋ."

ಕಾಫಿಗೆ ಬಂದ ಹೈವೇ ಪೊಲೀಸ್ ಒಬ್ಬ ಈ ದೃಶ್ಯ ನೋಡಿ ಹತ್ತಿರ ಬಂದ. ರೇಷ್ಮೆ ಸೀರೆ, ಕೊಡೆ, ಹಿಂದೆ ಕಂಟೇನರ್. ಇಲ್ಲಿ ಯಾಕೆ ಕೂತಿದ್ದೀರಿ, ಒಳಗೇನಿದೆ ಅಂತ ಬಹಳ ಮರ್ಯಾದೆಯಿಂದ ಕೇಳಿದ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಅಮ್ಮ ಕುರ್ಚಿಯಿಂದ ಏಳದೆ ಇಂಗ್ಲಿಷಿನಲ್ಲಿ ಹೇಳಿದರು: "ಚಿಕನ್. ಮೈ ಸನ್ಸ್ ಚಿಕನ್. ಡೋಂಟ್ ಓಪನ್."

ಅವನು ಟೋಪಿ ಮುಟ್ಟಿ ನಮಸ್ಕರಿಸಿ, ಒಳಗಿನಿಂದ ಅವರಿಗೊಂದು ನೀರಿನ ಬಾಟಲಿ ತಂದುಕೊಟ್ಟು ಹೋದ.

ಮೆಕ್ಯಾನಿಕ್ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಯೂನಿಟ್ ಮತ್ತೆ ಓಡಿತು. ಅದರ ಮೇಲಿನ ಮೀಟರ್ ನೋಡಿದರೆ, ಮಾಲಿಗೆ ಏನೂ ಆಗಿರಲಿಲ್ಲ. ಪಾರ್ಟ್ನರ್ ಗ್ಯಾಸ್ ಪಂಪಿಗೆ ಒರಗಿ, ಇಷ್ಟು ದಿನ ನನಗೆ ಹೇಳಿದ್ದೆಲ್ಲ ಮರೆತು, ಬಹಿರಂಗವಾಗಿ ಅತ್ತ.

ಬಂದರಿನಲ್ಲಿ ಕಂಟೇನರ್ ಒಪ್ಪಿಸಿ ವಾಪಸ್ ಹೊರಟಾಗ ಅಮ್ಮನಿಗೆ ಮೈಸೂರಿನಿಂದ ಅವರ ತಂಗಿಯ ಫೋನ್ ಬಂತು. ಆ ಕಡೆಯ ನೆಂಟರಿಗೆಲ್ಲ ಗೊತ್ತಿರುವುದು ಕೋಲ್ಡ್ ಸ್ಟೋರೇಜ್ ಅಂತ ಮಾತ್ರ. ಒಳಗೇನಿದೆ ಅಂತ ಅಮ್ಮ ಯಾರಿಗೂ ಹೇಳಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸವೂ ಅವರಿಗಿಲ್ಲ. ಫೋನ್ ಸ್ಪೀಕರಿನಲ್ಲಿತ್ತು.

"ಇವತ್ತು ದೇವರು ನನ್ನ ಕೈಲಿ ಒಂದು ಕೆಲಸ ಮಾಡಿಸಿದ ಕಣೇ" ಅಂದರು ಹಿಂದಿನ ಸೀಟಿನಿಂದ. "ಸುಡೋ ಬಿಸಿಲಲ್ಲಿ ಒಂದು ಲಾರಿ ತುಂಬಾ ಕೋಳಿ ಸಿಕ್ಕಾಕೊಂಡಿದ್ವು. ಎದ್ದು ಹೋಗದೆ ಕಾವಲು ಕೂತೆ. ಒಂದಕ್ಕೂ ಏನೂ ಆಗಲಿಲ್ಲ."

"ಎಂಥ ಪುಣ್ಯ ಅಕ್ಕ ನಿಂದು" ಅಂದರು ತಂಗಿ. "ಪಾಪ, ಬಾಯಿಲ್ಲದ ಜೀವಗಳು. ಈಗ ಹೇಗಿವೆ?"

ನಾನೂ ಪಾರ್ಟ್ನರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕಾರು ರಸ್ತೆಯ ಮೇಲೆ ಉಳಿಯುತ್ತಿರಲಿಲ್ಲ.

ಅಮ್ಮ ಒಂದು ಕ್ಷಣ ಯೋಚಿಸಿದರು.

"ಹಡಗು ಹತ್ತಿಸಿ ಬಂದ್ವಿ" ಅಂದರು. "ತಣ್ಣಗೆ ಮಲಗಿವೆ."