ತಾಳಿ ದಡದಲ್ಲಿ, ನಾನು ಕೆರೆಯಲ್ಲಿ

ಕಣ್ಣಾರೆ ನೋಡದ ಸಂಗತಿಗಳ ಬಗ್ಗೆಯೇ ನಾನು ಹೆಚ್ಚು ಖಚಿತವಾಗಿ ಬರೆಯುತ್ತೇನೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೋಡಿದ್ದರಲ್ಲಿ ಒಂದಲ್ಲ ಒಂದು ಅನುಮಾನ ಇದ್ದೇ ಇರುತ್ತದೆ. ಆ ಹಕ್ಕಿಯ ಕಾಲು ಹಳದಿಯೋ ಕಿತ್ತಳೆಯೋ, ಬಾಲದಲ್ಲಿ ಬಿಳಿ ಇತ್ತೋ ಇಲ್ಲವೋ ಎಂದು ಪೆನ್ನು ತಡವರಿಸುತ್ತದೆ. ನೋಡದಿದ್ದರೆ ಆ ತಾಪತ್ರಯವಿಲ್ಲ, ವಾಕ್ಯಗಳು ಒಂದರ ಹಿಂದೊಂದು ಎದೆ ಸೆಟೆಸಿಕೊಂಡು ಬರುತ್ತವೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ವಾರಕ್ಕೊಮ್ಮೆ ಪತ್ರಿಕೆಯೊಂದಕ್ಕೆ ಹಕ್ಕಿಗಳ ಬಗ್ಗೆ ಬರೆಯುತ್ತೇನೆ. ನನ್ನ ಬರಹದಲ್ಲಿ 'ಬಹುಶಃ' ಎಂಬ ಮಾತು ಒಮ್ಮೆಯೂ ಬರುವುದಿಲ್ಲ ಎಂದು ಓದುಗರೊಬ್ಬರು ಮೆಚ್ಚಿ ಪತ್ರ ಬರೆದಿದ್ದರು. ಅದನ್ನು ಹೆಂಡತಿ ಮಂಜುಳಾಗೆ ಓದಿ ಹೇಳಿದಾಗ, "ಮನೇಲೂ ಬರಲ್ಲ" ಎಂದಳು. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೇನೆ.

ನನ್ನ ಹಕ್ಕಿ ನೋಡುವ ಕೆಲಸ ಬಹುಪಾಲು ನಡೆಯುವುದು ನಮ್ಮ ಮನೆಯ ತಾರಸಿಯ ಮೇಲೆ. ನೀರಿನ ಟ್ಯಾಂಕಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕೊರಳಲ್ಲಿ ದುರ್ಬೀನು, ತಲೆಗೆ ಮಫ್ಲರು. ಚಳಿಗಾಲದಲ್ಲಿ ಟ್ಯಾಂಕು ತುಂಬಿ ಚೆಲ್ಲಿದ ನೀರಿಗೆ ಪುಟ್ಟ ಹಕ್ಕಿಯೊಂದು ತಪ್ಪದೆ ಬರುತ್ತದೆ. ಅರೆಗಳಿಗೆಯೂ ಸುಮ್ಮನಿರದೆ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತಿರುತ್ತದೆ. ಅದಕ್ಕೆ ಕನ್ನಡದಲ್ಲಿ ಕುಂಡೆಕುಸ್ಕ ಎಂಬ ಸೊಗಸಾದ ಹೆಸರಿದೆ. ಆ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಬರೆದಾಗ ಪತ್ರಿಕೆಯಿಂದ ಫೋನು ಬಂತು. "ಸಾರ್, ಮನೆಮಂದಿಯೆಲ್ಲ ಕೂತು ಓದೋ ಪೇಪರ್ರು. ಸ್ವಲ್ಪ ಬೇರೆ ಪದ ಹಾಕೋಣವಾ?" ಹೆಸರಿಟ್ಟವನು ನಾನಲ್ಲ, ಆ ಹಕ್ಕಿಯನ್ನು ಎರಡು ನಿಮಿಷ ನೋಡಿದವರು ಯಾರಾದರೂ ಇದೇ ಹೆಸರಿಡುತ್ತಿದ್ದರು ಎಂದು ಕಾಲು ಗಂಟೆ ವಾದಿಸಿದೆ. ಕೊನೆಗೆ 'ಲಾಸ್ಯವಾಡುವ ಅತಿಥಿ' ಎಂದು ಅಚ್ಚಾಯಿತು. ಓದಿದವರೆಲ್ಲ ಅದನ್ನು ನವಿಲು ಎಂದುಕೊಂಡರು.

ಈ ಸಲದ ಚಳಿಗಾಲದಲ್ಲಿ ಅದೇ ಕುರ್ಚಿಯಲ್ಲಿ ಕೂತು ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಬರೆದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಈ ದೊಡ್ಡ ಬಾತುಗಳು ಹಿಮಾಲಯವನ್ನು ಹಾರಿ ದಾಟಿ ನಮ್ಮ ಕಡೆಯ ಕೆರೆಗಳಿಗೆ ಬರುತ್ತವೆ. ಎರಡು ಭಾನುವಾರ ಮಂಜು ಕವಿದಿತ್ತು, ಮೂರನೆಯ ಭಾನುವಾರ ನನಗೆ ನೆಗಡಿ. ಒಂದು ಕೆರೆಗೂ ಹೋಗಲಾಗಿರಲಿಲ್ಲ. ಆದರೂ ಹನೂರು, ಯಳಂದೂರು ಕಡೆಯ ಕೆರೆಗಳಿಗೆ ಈ ವರ್ಷ ಹೆಬ್ಬಾತುಗಳು ಬಂದಿಲ್ಲ, ಇನ್ನು ಬರುವುದೂ ಇಲ್ಲ, ನಾವು ಅವುಗಳನ್ನು ಕಳೆದುಕೊಂಡಿದ್ದೇವೆ ಎಂದು ಬರೆದೆ. ಕೊನೆಯ ಪ್ಯಾರಾ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನ್ನ ಕಣ್ಣೇ ಒದ್ದೆಯಾಯಿತು.

ಅದು ಅಚ್ಚಾದ ವಾರವೇ ಹನೂರಿನಲ್ಲಿ ಮದುವೆ. ಬಂಡಳ್ಳಿಯಲ್ಲಿರುವ ಮಂಜುಳಾಳ ಅಣ್ಣ ಮಾದೇಶನ ಮಗನೇ ಗಂಡು. ಮನೆಯವರೆಲ್ಲ ಹಿಂದಿನ ದಿನವೇ ಛತ್ರ ಸೇರಿದ್ದರು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ತಾಳಿಯ ಕೊಂಡಿಯೊಂದು ಸಡಿಲವಾಗಿದೆಯೆಂದು ಅದನ್ನು ಕೊಳ್ಳೇಗಾಲದ ಅಕ್ಕಸಾಲಿಯ ಬಳಿ ಕೊಟ್ಟಿದ್ದರು, ಸಂಜೆ ಅದನ್ನು ಇಸಿದುಕೊಂಡು ಬೆಳಿಗ್ಗೆ ಛತ್ರಕ್ಕೆ ತರುವ ಹೊಣೆ ನನ್ನ ಹೆಗಲಿಗೆ ಬಿತ್ತು. ಮಂಜುಳಾ ಹೊರಡುವಾಗ, "ರೀ, ದಾರೀಲಿ ಎಲ್ಲೂ ನಿಲ್ಲಿಸ್ಬೇಡಿ. ಆ ದುರ್ಬೀನು ಮನೇಲೇ ಇರಲಿ" ಎಂದಳು. ಮೊದಲನೆಯದಕ್ಕೆ ತಲೆಯಾಡಿಸಿದೆ. ಎರಡನೆಯದು ಕೇಳಿಸಲಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ತಾಳಿ ಇಡಲು ಅತ್ಯಂತ ಭದ್ರವಾದ ಜಾಗವೆಂದರೆ ದುರ್ಬೀನಿನ ಚೀಲವೇ. ಹಾಗಾಗಿ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ದುರ್ಬೀನಿನ ಪಕ್ಕದಲ್ಲಿ ತಾಳಿಯ ಪುಟ್ಟ ಡಬ್ಬಿಯನ್ನಿಟ್ಟುಕೊಂಡು ಆರು ಮುಕ್ಕಾಲಿಗೆ ಸ್ಕೂಟರ್ ಹತ್ತಿದೆ. ಮುಹೂರ್ತ ಒಂಬತ್ತೂವರೆಗೆ, ದಾರಿ ಮುಕ್ಕಾಲು ಗಂಟೆಯದು.

ಕಾಮಗೆರೆ ದಾಟಿ ಸ್ವಲ್ಪ ದೂರ ಹೋಗಿರಬೇಕು. ರಸ್ತೆ ಪಕ್ಕದ ಕೆರೆಯ ಕಡೆಯಿಂದ "ಆಂಗ್, ಆಂಗ್" ಎಂಬ ಒಡಕು ಸದ್ದು ಕೇಳಿತು. ಹಳೆಯ ಸ್ಕೂಟರಿನ ಹಾರನ್ನು ನೂರು ಜನ ಒಟ್ಟಿಗೆ ಒತ್ತಿದ ಹಾಗೆ. ಅದು ಯಾವ ಸದ್ದೆಂದು ನನಗೆ ಗೊತ್ತಿತ್ತು. ಕೇಳಿಸಿಕೊಳ್ಳದೆ ಹೋಗಬಹುದಿತ್ತು, ಗಡಿಯಾರ ಏಳೂವರೆಯನ್ನೂ ಮುಟ್ಟಿರಲಿಲ್ಲ ಎಂಬುದೇ ಮುಳುವಾಯಿತು. ಏರಿ ಹತ್ತಿ ನೋಡಿದರೆ ಕೆರೆಯ ಆಚೆ ಬದಿಯ ನೀರೆಲ್ಲ ಬೂದು ಬಣ್ಣದ ಹೆಬ್ಬಾತುಗಳು, ನಾನು ಕಳೆದುಕೊಂಡೆನೆಂದು ಬರೆದವೇ.

ಎಷ್ಟಿವೆ ಎಂದು ಗೊತ್ತಾಗದೆ ನನ್ನ ಕಾಲು ಮುಂದೆ ಹೋಗುವಂತಿರಲಿಲ್ಲ. ಏರಿಯ ಮೇಲಿನಿಂದ ಎಣಿಸೋಣವೆಂದರೆ ಅಡ್ಡ ಆಪು ಹುಲ್ಲು ಆಳೆತ್ತರ ಬೆಳೆದಿತ್ತು. ನೀರಿಗೆ ನಾಲ್ಕು ಹೆಜ್ಜೆ ಇಳಿದರೆ ಸರಿಯಾಗಿ ಕಾಣುತ್ತಿತ್ತು. ನಾನು ಎಲ್ಲವನ್ನೂ ಜಾಗ್ರತೆಯಿಂದ ಮಾಡುವವನು. ಚಪ್ಪಲಿ ಬಿಟ್ಟು ಜೋಡಿಸಿಟ್ಟೆ. ಶಲ್ಯ ಮಡಚಿ ಕಲ್ಲಿನ ಮೇಲಿಟ್ಟೆ. ಅದರ ಮೇಲೆ ಫೋನು. ನೀರಿಗೆ ಬಿದ್ದೀತೆಂದು ತಾಳಿಯ ಡಬ್ಬಿಯನ್ನೂ ಅಲ್ಲೇ ಇಟ್ಟೆ. ಸುತ್ತ ಹತ್ತಾರು ಆಡುಗಳು ಬಿಟ್ಟರೆ ಯಾರೂ ಕಾಣಲಿಲ್ಲ. ಪಂಚೆ ಎತ್ತಿ ಕಟ್ಟಿ, ದುರ್ಬೀನು ಕೊರಳಿಗೆ ಹಾಕಿ, ಮೊಣಕಾಲುದ್ದ ನೀರಿಗೆ ನಿಧಾನವಾಗಿ ಇಳಿದೆ. ನೂರ ಹದಿನಾರರ ತನಕ ಎಣಿಸಿದ್ದೆ.

ಆಗ ಹಿಂದಿನಿಂದ ಯಾರೋ ಕಿಟಾರನೆ ಕಿರುಚಿದರು. "ಅಯ್ಯಯ್ಯೋ, ಬರ್ರಪ್ಪೋ! ಮದ್ವೆ ಗಂಡು ಕೆರೆಗ್ ಬೀಳ್ತಾವ್ನೆ!"

ನನಗೆ ಐವತ್ಮೂರು ವರ್ಷ. ಮದುವೆ ಗಂಡು ಎಲ್ಲಿ ಎಂದು ನಾನೂ ಸುತ್ತ ನೋಡಿದೆ. ಅಷ್ಟರಲ್ಲಿ ಪಕ್ಕದ ಜೋಳದ ಹೊಲದಿಂದ ಇಬ್ಬರು ಗಟ್ಟಿಗರು ಓಡಿ ಬಂದು, ಒಬ್ಬ ಸೊಂಟ, ಇನ್ನೊಬ್ಬ ರಟ್ಟೆ ಹಿಡಿದು ಎಳೆದರು. ನಾನು ಕೆಸರಿಗೆ ಕುಕ್ಕರಿಸಿದೆ. ಹೆಬ್ಬಾತುಗಳೆಲ್ಲ ಒಟ್ಟಿಗೆ ಎದ್ದು, ನನ್ನ ತಲೆಯ ಮೇಲೇ ಒಂದು ಸುತ್ತು ಹಾಕಿ ಹಾರಿಹೋದವು. ನೂರ ಹದಿನೇಳನೆಯದು ಯಾವುದೆಂದು ಆ ಗಲಾಟೆಯಲ್ಲಿ ಹೇಗೆ ಹೇಳುವುದು?

ದಡಕ್ಕೆ ತಂದು ಕೂರಿಸಿದರು. ಆಡು ಕಾಯುತ್ತಿದ್ದ ಪುಟ್ಟತಾಯಮ್ಮ ಎಂಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತಳು. ಅರವತ್ತರ ಆಸುಪಾಸು, ತಲೆಗೆ ಸುತ್ತಿದ ಟವಲು. ಮುಚ್ಚಳ ತೆರೆದ ತಾಳಿಯ ಡಬ್ಬಿ ಆಗಲೇ ಅವಳ ಮುಷ್ಟಿಯಲ್ಲಿತ್ತು.

"ಇಷ್ಟ ಇಲ್ದಿದ್ರೆ ಮದ್ವೆ ಬ್ಯಾಡ ಅನ್ಬೇಕು ಸಾ. ಈ ವಯ್ಸಲ್ಲಿ ಯಾರ್ ನಿಮ್ಗೆ ಬಲವಂತ ಮಾಡುದ್ರು? ಕೆರೆಗ್ಯಾಕ್ ಬೀಳ್ಬೇಕು?"

"ಅಮ್ಮಾ, ಮದುವೆ ನನ್ನದಲ್ಲ. ನಾನು ಹಕ್ಕಿ ನೋಡೋಕೆ ಇಳಿದೆ."

"ಅಕ್ಕೀನಾ? ರೇಸ್ಮೆ ಪಂಚೆ ಉಟ್ಕಂಡು ನೀರ್ನಲ್ಲಿ ಅಕ್ಕಿ ನೋಡ್ತಾರಾ? ಕುತ್ಗೆಗೆ ಕಲ್ ಬೇರೆ ಕಟ್ಕಂಡಿದ್ರಿ!"

ನಮ್ಮ ಸೀಮೆಯ ಮಾತಿನಲ್ಲಿ ಹಕ್ಕಿಗೂ ಅಕ್ಕಿಗೂ ವ್ಯತ್ಯಾಸವಿಲ್ಲ. ಹಿಂದೆ ನಿಂತಿದ್ದವನು, "ತಲೆ ಕೆಟ್ಟದೆ ಕಣಕ್ಕ, ನೀರ್ನಲ್ಲಿ ಅಕ್ಕಿ ಉಡುಕ್ತಾವ್ರೆ" ಎಂದು ಮೆಲ್ಲಗೆ ಹೇಳಿದ. ಕಲ್ಲೆಂದು ಅವಳು ತಿಳಿದದ್ದು ದುರ್ಬೀನನ್ನು. ಅದನ್ನು ಅವಳ ಕಣ್ಣಿಗೆ ಹಿಡಿಯಲು ಹೋದರೆ ಹಿಂದೆ ಸರಿದಳು. ಅಷ್ಟರಲ್ಲಿ ಕಲ್ಲಿನ ಮೇಲಿದ್ದ ಫೋನು ರಿಂಗಾಯಿತು. ನಾನು ಕೈಚಾಚುವ ಮೊದಲೇ ಅವಳು ಎತ್ತಿಕೊಂಡಳು, ಗಟ್ಟಿಗನೊಬ್ಬ ಸ್ಪೀಕರ್ ಒತ್ತಿದ.

"ರೀ, ಎಲ್ಲಿದ್ದೀರಿ?" ಎಂದಳು ಮಂಜುಳಾ.

"ಇಲ್ಲೇ ಅವ್ರೆ ಕಣವ್ವ. ತಾಳಿ ದಡದಲ್ಲಿಟ್ಟು ಕೆರೆಗ್ ಇಳ್ದಿದ್ರು. ಇಡ್ಕಂಡು ಕೂರ್ಸಿದೀವಿ. ಅಕ್ಕಿ ಅಂತಾವ್ರೆ."

ಆ ಕಡೆ ನಾದಸ್ವರ ಜೋರಾಗಿ ನುಡಿಯುತ್ತಿತ್ತು. ಅದರ ಮೇಲೆ ದನಿಯೇರಿಸಿ ಮಂಜುಳಾ, "ಅವರು ಸಾಯಲ್ಲಮ್ಮ, ಹೆದರಬೇಡಿ. ಅವರು ಯಾವಾಗಲೂ ಹಂಗೇ" ಎಂದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ನನ್ನ ಪರವಾಗಿ ಅವಳಾಡಿದ ಅತಿ ಚಿಕ್ಕ ಸಾಕ್ಷ್ಯ ಇದು. "ಆದರೆ ಒಂದು ಉಪಕಾರ ಮಾಡಿ. ತಾಳೀನ ಅವರ ಕೈಗೆ ಕೊಡಬೇಡಿ."

ಹೀಗಾಗಿ ಆಡುಗಳನ್ನು ಗಟ್ಟಿಗರಿಗೆ ಒಪ್ಪಿಸಿ, ತಾಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಪುಟ್ಟತಾಯಮ್ಮ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿದ್ದಳು. ಬೀಳುವ ಭಯಕ್ಕೋ ನಾನು ಓಡಿಹೋದೇನೆಂದೋ ತಿಳಿಯಲಿಲ್ಲ. ಅಷ್ಟೊಂದು ಗಾಬರಿ ಯಾಕೆ ಬಿದ್ದೆಯಮ್ಮ ಎಂದು ಸ್ವಲ್ಪ ಬೇಸರದಿಂದಲೇ ಕೇಳಿದೆ.

"ನಮ್ಮಣ್ಣನೂ ಇಂಗೇ ಸಾ. ಆ ಕಲ್ಲತ್ರನೇ ಚಪ್ಲಿ ಬುಟ್ಟು ಇಳ್ದ. ಕೈಕಾಲ್ ತೊಳಿಯಾಕೆ ಅನ್ಕಂಡು ನಾನು ಆಡಿನ್ ಇಂದೆ ಓದೆ. ತಿರುಗ್ ನೋಡೋವತ್ಗೆ ಇರ್ನಿಲ್ಲ. ಅವತ್ನಿಂದ ಆ ಕಲ್ಲತ್ರ ಯಾರ್ ಚಪ್ಲಿ ಬುಟ್ರೂವೆ ಕೂಗ್ಕತೀನಿ. ಬಟ್ಟೆ ಒಗ್ಯೋರೆಲ್ಲ ಬಯ್ತಾರೆ. ಬಯ್ಕಳ್ಲಿ."

ಸ್ಕೂಟರನ್ನು ನಿಧಾನ ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತು ಬದಲಿಸಿದಳು. "ಆ ದೊಡ್ ಬಾತ್ಕೋಳಿ ನೋಡಾಕಾ ಇಳ್ದಿದ್ದು? ಅವು ಬಂದು ಒಂದ್ ತಿಂಗ್ಳಾಯ್ತಲ್ಲ ಸಾ. ವರ್ಸಾ ವರ್ಸಾ ಬತ್ತಾವಲ್ಲ, ಯಾರೂ ಏಳ್ನಿಲ್ವಾ ನಿಮ್ಗೆ?"

ಛತ್ರದ ಬಾಗಿಲಿಗೆ ಬಂದಾಗ ಒಂಬತ್ತು ಕಾಲು. ಸೊಂಟದಿಂದ ಕೆಳಗೆ ನಾನು ಕೆರೆಯ ಮಣ್ಣಿನ ಬಣ್ಣವಾಗಿದ್ದೆ. ಮಾದೇಶ ನನ್ನನ್ನು ನೋಡಿ ಬಾಯಿ ತೆರೆದ, ಸುತ್ತ ಬೀಗರಿದ್ದುದರಿಂದ ಹಾಗೇ ಮುಚ್ಚಿದ. ಪುಟ್ಟತಾಯಮ್ಮ ನೆಟ್ಟಗೆ ಒಳಗೆ ನಡೆದು, ಗಂಟು ಬಿಚ್ಚಿ, ತಾಳಿಯನ್ನು ಮಂಜುಳಾಳ ಅಂಗೈಯಲ್ಲಿಟ್ಟಳು. ಮಂಜುಳಾ ಅವಳಿಗೆ ಅರಿಶಿನ ಕುಂಕುಮ ಕೊಟ್ಟು, ಕೈ ಹಿಡಿದು, ಮಂಟಪದ ಮುಂದಿನ ಸಾಲಿನಲ್ಲಿ ನನಗಾಗಿ ಹಿಡಿದಿಟ್ಟಿದ್ದ ಕುರ್ಚಿಯಲ್ಲಿ ಕೂರಿಸಿದಳು. ನಾನು ಅಡುಗೆಯವರ ಬಳಿ ಒಂದು ಲುಂಗಿ ಬೇಡಿ ಉಟ್ಟು, ಕಂಬದ ಮರೆಯಿಂದ ಅಕ್ಷತೆ ಎಸೆದೆ. ಅದು ನನ್ನ ಮುಂದಿದ್ದವರ ತಲೆಯ ಮೇಲೆ ಬಿತ್ತು.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಹೆಬ್ಬಾತುಗಳು ಬಂದಿವೆ, ಬಂದು ತಿಂಗಳಾಗಿದೆ, ನಾನು ನೋಡದೆ ಬರೆದಿದ್ದೆ, ಒಟ್ಟು ಎಷ್ಟಿವೆಯೆಂದು ಇನ್ನೂ ಗೊತ್ತಿಲ್ಲ ಎಂದು. ನನ್ನ ಬರಹದಲ್ಲಿ ಮೊದಲಿನ ಗತ್ತು ಇಲ್ಲವೆಂದು ಪತ್ರಿಕೆಯವರು ಬೇಸರಪಟ್ಟರು.

ಮುಂದಿನ ಭಾನುವಾರ, ಈ ಸಲ ಹಳೆಯ ಪ್ಯಾಂಟು ಮಡಚಿಕೊಂಡು, ಮತ್ತೆ ಆ ಕೆರೆಗೆ ಹೋದೆ. ಹೆಬ್ಬಾತುಗಳು ಅಲ್ಲೇ ಇದ್ದವು. ಆಡುಗಳ ನಡುವೆ ನಿಂತಿದ್ದ ಪುಟ್ಟತಾಯಮ್ಮ ನನ್ನನ್ನು ಕಂಡವಳೇ ಹೊಲದ ಕಡೆ ತಿರುಗಿ, "ಏನಿಲ್ಲ ಕಣ್ರಪ್ಪೋ, ಅಕ್ಕಿ ಮೇಷ್ಟ್ರು! ನೀವ್ ಕೆಲ್ಸ ನೋಡ್ಕಳಿ!" ಎಂದು ಕೂಗಿದಳು. ನಾನು ನೀರಿಗಿಳಿದ ಮೇಲೆ ನನ್ನ ಚಪ್ಪಲಿಗಳ ಪಕ್ಕದ ಕಲ್ಲಿನ ಮೇಲೆ ಬಂದು ಕೂತಳು. ಆಡುಗಳು ಜೋಳಕ್ಕೆ ಬಾಯಿ ಹಾಕಲು ಹೊರಟಿದ್ದವು. ನಾನು ನೀರಿನಲ್ಲಿ ನಿಂತೇ, "ನಾನು ವಾಪಸ್ ದಡಕ್ಕೆ ಬರ್ತೀನಮ್ಮ, ನೀನು ಆಡು ನೋಡಿಕೋ ಹೋಗು" ಎಂದೆ.

"ಆಡ್ ಎಲ್ ಓಯ್ತವೆ? ನೀವ್ ಅವ್ನ ಎಣಿಸ್ಕಳಿ ಸಾ, ನಾನ್ ನಿಮ್ಮ ಎಣಿಸ್ಕತೀನಿ. ನಂದು ಒಂದೇ, ಸಲೀಸು" ಎಂದಳು.

ಆಗ ನನ್ನ ಎಣಿಕೆ ಎಂಬತ್ತಕ್ಕೋ ಎಂಬತ್ತೊಂದಕ್ಕೋ ಬಂದಿತ್ತು. ಮರೆತುಹೋಯಿತು. ದುರ್ಬೀನು ಒರೆಸಿಕೊಂಡು ಮತ್ತೆ ಒಂದರಿಂದ ಶುರುಮಾಡಿದೆ.